‘ಈ ಸಲ ಸಿಂಪಲ್ಲಾಗಿ ಮಾಡುವ’: ಕುಸ್ವಾರ್ ಮೀಮಾಂಸೆ

೧. ವಿಷಯ

ಶಾಸ್ತ್ರಗ್ರಂಥ ಮಂಗಳಾಚರಣೆಯಿಂದ ಶುರುವಾಗಬೇಕೆಂಬುದು ರೂಢಿ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್ ಎಂಬ ಮಹಾಸತ್ರಕ್ಕೂ ಅಂಥದ್ದೊಂದು ಮಂಗಳಾಚರಣೆ ಉಂಟು. ನವೆಂಬರ್ ಮುಗಿಯುತ್ತ ಬಂದಾಗ, ಆಗಮನ ಕಾಲದ ಮೊದಲ ಭಾನುವಾರದ ಆಸುಪಾಸಿನಲ್ಲಿ, ರಾತ್ರಿಯೂಟದ ಪಾತ್ರೆ ಎತ್ತುವ ಹೊತ್ತಿಗೆ ಮನೆಯೊಡತಿಯ ಬಾಯಿಂದ ಅದು ಹೊರಬೀಳುತ್ತದೆ: ‘ಈ ಸಲ ಎಲ್ಲ ಸಿಂಪಲ್ಲಾಗಿ ಮಾಡುವ.’ ಮನೆಮಂದಿ ಒಕ್ಕೊರಲಿನಿಂದ ‘ಹೌದೌದು’ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಅದೇ ಒಡತಿ ಅಂಗಡಿಯ ಚೀಟಿ ಬರೆಯಲು ಕೂರುತ್ತಾಳೆ. ಚೀಟಿ ಎರಡನೆಯ ಪುಟಕ್ಕೆ ಹೊರಳುತ್ತದೆ.

ವಾಕ್ಯಕ್ಕೂ ಚೀಟಿಗೂ ನಡುವೆ ಇರುವ ಈ ಕಂದಕವೇ ಪ್ರಸ್ತುತ ಪ್ರಬಂಧದ ವಿಷಯ.

ಲಕ್ಷಣ ಹೇಳದೆ ಶಾಸ್ತ್ರ ಮುಂದೆ ಹೋಗುವಂತಿಲ್ಲ. ಕ್ರಿಸ್ಮಸ್ಸಿಗೆಂದು ಕರಿದು, ಬೇಯಿಸಿ, ಡಬ್ಬಿಯಲ್ಲಿ ತುಂಬಿ, ಮಕ್ಕಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ಕಡೆಗೆ ನೆರೆಹೊರೆಗೆ ಹಂಚುವ ತಿಂಡಿಗಳ ಸಮೂಹವೇ ಕುಸ್ವಾರ್. ಈ ಲಕ್ಷಣದಲ್ಲಿ ‘ಬಚ್ಚಿಟ್ಟು’ ಎಂಬ ಪದ ಅತ್ಯವಶ್ಯ. ಅದನ್ನು ಕೈಬಿಟ್ಟರೆ ಲಕ್ಷಣವು ಬೇಕರಿಯ ಗಾಜಿನ ಕಪಾಟಿಗೂ ಹರಡಿ ಅತಿವ್ಯಾಪ್ತಿ ದೋಷ ತಗಲುತ್ತದೆ.

ಕುಸ್ವಾರ್ ದ್ವಿವಿಧ: ಏಕಹಸ್ತ ಮತ್ತು ಬಹುಹಸ್ತ. ಒಬ್ಬರೇ ನಿಂತು ಮಾಡಿ ಮುಗಿಸಬಹುದಾದದ್ದು ಏಕಹಸ್ತ. ರೋಸ್ ಕುಕ್ಕಿ ಇದಕ್ಕೆ ನಿದರ್ಶನ. ಹೂವಿನ ಅಚ್ಚನ್ನು ಕಾದ ಎಣ್ಣೆಯಲ್ಲಿಟ್ಟು ಬಿಸಿ ಮಾಡಿ ಹಿಟ್ಟಿನಲ್ಲಿ ಅದ್ದಬೇಕು. ಹಿಟ್ಟು ಅಚ್ಚಿನ ಮೇಲಂಚನ್ನು ದಾಟಬಾರದು, ದಾಟಿದರೆ ಹೂವು ಅಚ್ಚು ಬಿಟ್ಟು ಬರುವುದಿಲ್ಲ. ಮೊದಲ ಕೆಲವು ಹೂವುಗಳಂತೂ ಏನು ಮಾಡಿದರೂ ಬರುವುದಿಲ್ಲ. ಅವನ್ನು ಕೆರೆದು ತೆಗೆದು ನಿಂತಲ್ಲೇ ತಿನ್ನುವ ಅಧಿಕಾರ ಒಲೆಯ ಸಮೀಪದಲ್ಲಿದ್ದವರದು.

ಬಹುಹಸ್ತಕ್ಕೆ ಕಿಡ್ಯೊ ನಿದರ್ಶನ. ಬೆಂಗಳೂರಿನವರು ಇದನ್ನು ಕಲ್‌ಕಲ್ ಎಂದು ಬಲ್ಲರು. ಹಿಟ್ಟಿನ ಚಿಕ್ಕ ಚೂರನ್ನು ಮುಳ್ಳುಚಮಚದ ಬೆನ್ನಿಗೋ, ಈ ಕೆಲಸಕ್ಕೆಂದೇ ಕೊಂಡ ಹೊಸ ಬಾಚಣಿಗೆಗೋ ಒತ್ತಿ, ಗೀರು ಮೂಡಿಸಿ, ಸುರುಳಿ ಸುತ್ತಬೇಕು. ಒಂದು ಸುರುಳಿ ಬೆರಳಿನ ಗೆಣ್ಣಿನಷ್ಟು. ತುಂಬಬೇಕಾದ ಡಬ್ಬಿ ಮಾತ್ರ ಮೊಣಕಾಲೆತ್ತರ. ನೆವ್ರಿಯೂ ಈ ವರ್ಗದ್ದೇ. ಎಳ್ಳು, ತೆಂಗು, ಸಕ್ಕರೆ, ಏಲಕ್ಕಿಯ ಹೂರಣ. ಹಲ್ಲುಚಕ್ರದಿಂದ ಕತ್ತರಿಸಿದ ಅಂಚು. ಬಯಲುಸೀಮೆಯ ಕರ್ಜಿಕಾಯಿಗೆ ಸೋದರಸಂಬಂಧಿ. ಒಬ್ಬರು ಲಟ್ಟಿಸಬೇಕು, ಒಬ್ಬರು ತುಂಬಬೇಕು, ಒಬ್ಬರು ಕರಿಯಬೇಕು, ಒಬ್ಬರು ‘ಅಂಚು ಬಿಟ್ಟಿದೆ ನೋಡು’ ಎನ್ನಬೇಕು. ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲಿನ ಗುಳಿಯೊ ಮಾಡಲು ಬಹುಹಸ್ತ, ತಿನ್ನಲು ಬಹುದಂತ.

೨. ಸಂಶಯ

ಇಷ್ಟನ್ನೂ ಮಾಡಿ ಮುಗಿಸಬೇಕಾದ ತಿಂಗಳು ಡಿಸೆಂಬರ್. ಆಗಮನ ಕಾಲದಲ್ಲಿ ಮದುವೆ ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಗಲ್ಫಿನಿಂದ ರಜೆ ಹಾಕಿ ಬಂದವರ ಮದುವೆಗಳೆಲ್ಲ ಹಬ್ಬ ಕಳೆದದ್ದೇ ತಡ ಒಂದರ ಬೆನ್ನಿಗೊಂದು ಬಂದು ನಿಲ್ಲುತ್ತವೆ. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರ. ವರನಿಗೂ ವಧುವಿಗೂ ಅವರವರ ಮನೆಯಲ್ಲಿ ತೆಂಗಿನ ಹಾಲು ಹಚ್ಚಬೇಕು. ವರನ ಮೈಗೆ ಹೋಗುವ ಹಾಲಿಗೂ ಗುಳಿಯೊಗೆ ಹೋಗುವ ಹಾಲಿಗೂ ಹಿತ್ತಲಿನ ಮರ ಒಂದೇ. ಅತ್ತ ಬೆಂಗಳೂರಿನ ಮಗನಿಗೆ ಆಫೀಸಿನಲ್ಲಿ ವರ್ಷಾಂತ್ಯದ ಗಡಿಬಿಡಿ. ಅದನ್ನು ಮುಗಿಸಿ ರಾತ್ರಿ ಬಸ್ಸು ಹತ್ತಿದವನು ಬೆಳಗಿನ ಜಾವ ಶಿರಾಡಿ ಘಾಟಿಯಲ್ಲಿ ಲಾರಿಯೊಂದರ ಹಿಂಬದಿಯ ಬರಹವನ್ನು ಕಂಠಪಾಠ ಮಾಡುತ್ತ ಕೂತಿರುತ್ತಾನೆ. ಇತ್ತ ನಕ್ಷತ್ರದ ದೀಪ ಹತ್ತುತ್ತಿಲ್ಲ. ಗೋದಲಿಯ ಪೆಟ್ಟಿಗೆ ತೆರೆದರೆ ಮೂವರು ಜ್ಞಾನಿಗಳಲ್ಲಿ ಇಬ್ಬರೇ ಸಿಕ್ಕಿದ್ದಾರೆ. ಸಂಜೆ ಕ್ಯಾರಲ್ ತಂಡ ಬರುತ್ತದೆ, ಸೆಕೆಗೆ ಬೆವರಿದ ಸಾಂತಾಕ್ಲಾಸ್ ನೀರು ಕೇಳುತ್ತಾನೆ.

ಆದ್ದರಿಂದ ಸಂಶಯ: ಇಂಥ ತರಾತುರಿಯಲ್ಲಿ ಮನೆತನದ ಸಂಪ್ರದಾಯ ಉಳಿಯಬಲ್ಲುದೋ, ಇಲ್ಲವೋ?

೩. ಪೂರ್ವಪಕ್ಷ

ಈ ವಿಷಯದಲ್ಲಿ ಮೂರು ಮತಗಳಿವೆ. ಮೂರೂ ಒಂದೇ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿರುತ್ತವೆ.

ಮೊದಲನೆಯವರು ಬೇಕರಿವಾದಿಗಳು. ‘ದುಡ್ಡು ಕೊಟ್ಟರೆ ಕುಸ್ವಾರಿನ ಡಬ್ಬಿ ರೆಡಿ ಸಿಗ್ತದೆ ಮಾರಾಯ್ರೆ, ಇಷ್ಟು ಒದ್ದಾಟ ಯಾಕೆ?’ ಎಂಬುದು ಇವರ ವಾದ. ಎರಡನೆಯವರು ಸಂನ್ಯಾಸವಾದಿಗಳು. ‘ಏನೂ ಬೇಡ. ಇಗರ್ಜಿಗೆ ಹೋಗಿ ಬಂದು ಮಲಗುವ’ ಎಂಬುದು ಇವರ ನಿಲುವು. ಮೂರನೆಯವರು ಕೃತಯುಗವಾದಿಗಳು, ವಯಸ್ಸಿನಲ್ಲಿ ಹಿರಿಯರು, ಕಂಠದಲ್ಲಿ ಬಲಿಷ್ಠರು. ‘ನಮ್ಮ ಕಾಲದಲ್ಲಿ ಎಲ್ಲದಕ್ಕೂ ಪುರುಸೊತ್ತಿತ್ತು. ಆಗ ಸಂಪ್ರದಾಯ ಇತ್ತು. ಈಗೆಂತ ಉಂಟು, ಮಣ್ಣು!’ ಎನ್ನುವವರು ಇವರು.

೪. ಖಂಡನೆ

ಕೃತಯುಗವಾದವನ್ನು ಮೊದಲು ಎತ್ತಿಕೊಳ್ಳೋಣ. ಪುರುಸೊತ್ತಿನಿಂದ ಸಂಪ್ರದಾಯ ಹುಟ್ಟಿತೆಂಬುದಕ್ಕೆ ಇತಿಹಾಸದಲ್ಲಿ ಪ್ರಮಾಣ ಸಿಗುವುದು ಕಷ್ಟ. ತದ್ವಿರುದ್ಧ ಪ್ರಮಾಣಗಳೋ ರಾಶಿ ಬಿದ್ದಿವೆ.

ಕ್ರಿಸ್ಮಸ್ ಕಾರ್ಡನ್ನೇ ನೋಡಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಗೆ ಹಬ್ಬದ ಪತ್ರಗಳಿಗೆಲ್ಲ ಕೂತು ಉತ್ತರ ಬರೆಯುವಷ್ಟು ಹೊತ್ತಿರಲಿಲ್ಲ. ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಹೊಡೆಸಿ, ಹೆಸರು ತುಂಬಿ ಕಳಿಸಿಬಿಟ್ಟ. ಮಿಕ್ಕಿದ ಪ್ರತಿಗಳು ಒಂದು ಶಿಲ್ಲಿಂಗಿನಂತೆ ಮಾರಾಟಕ್ಕೆ ಹೋದವು. ಕೆಲಸದ ಒತ್ತಡದವನೊಬ್ಬನ ಈ ಪಲಾಯನೋಪಾಯವೇ ಮುಂದೆ ಪರಂಪರೆ ಎನಿಸಿಕೊಂಡಿತು. ಅದೇ 1843ರಲ್ಲಿ, ಅದೇ ಕಲ್ಲಚ್ಚಿನಲ್ಲಿ, ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಈ ಎರಡು ಘಟನೆಗಳಿಗೂ ಪರಸ್ಪರ ಏನೇನೂ ಸಂಬಂಧವಿಲ್ಲ. ಆದರೆ ಸಂಬಂಧವಿಲ್ಲದ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಕೂರಿಸದಿದ್ದರೆ ಸಂಶೋಧನೆಯೆಂದು ಯಾರೂ ಒಪ್ಪುವುದಿಲ್ಲ.

ಅದೇ ವರ್ಷ ಡಿಕನ್ಸ್ ತನ್ನ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯನ್ನು ಹಣದ ಮುಗ್ಗಟ್ಟಿನಲ್ಲಿ ಸುಮಾರು 6 ವಾರಗಳಲ್ಲಿ ಬರೆದು ಮುಗಿಸಿದ. ಪುಸ್ತಕ ಅಂಗಡಿಗೆ ಬಂದದ್ದು ಡಿಸೆಂಬರ್ 19ಕ್ಕೆ. ಇನ್ನು ‘ಸೈಲೆಂಟ್ ನೈಟ್’. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನ ಪಾದ್ರಿ ಯೋಸೆಫ್ ಮೋರ್ ಅದರ ಪದ್ಯವನ್ನು 1816ರಲ್ಲೇ ಬರೆದಿಟ್ಟುಕೊಂಡಿದ್ದರು. ರಾಗ ಹಾಕಿಕೊಡಿ ಎಂದು ಫ್ರಾಂಜ್ ಗ್ರೂಬರನ ಕೈಗೆ ಕೊಟ್ಟದ್ದು ಯಾವಾಗ? 1818ರ ಡಿಸೆಂಬರ್ 24ರಂದು. ಹಾಡಿದ್ದು ಅದೇ ರಾತ್ರಿ, ಗಿಟಾರ್ ಹಿಡಿದು. 2 ವರ್ಷ ಕೈಯಲ್ಲಿದ್ದದ್ದನ್ನು ಹಬ್ಬದ ದಿನವೇ ಹೊರತೆಗೆಯುವ ಈ ಪದ್ಧತಿ ನಮ್ಮ ಮನೆಗಳಲ್ಲಿ ಇಂದಿಗೂ ಅಚ್ಚಳಿಯದೆ ನಡೆದುಬಂದಿದೆ.

ಕೃತಯುಗವಾದಿ ಇಲ್ಲೊಂದು ಆಕ್ಷೇಪ ಎತ್ತಬಹುದು: 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆಗಳ ಸಮೇತ ಗೋದಲಿಯನ್ನು ಏರ್ಪಡಿಸಿದಾಗ ಸುಮಾರು 15 ದಿನ ಮೊದಲೇ ಸಿದ್ಧತೆ ನಡೆದಿತ್ತಲ್ಲ? ನಡೆದಿತ್ತು, ನಿಜ. ಆದರೆ ಸಂತರು ಮಾಡಿದ್ದೇನು? ಆ ಊರಿನ ಜೊವಾನ್ನಿ ಎಂಬ ಗೃಹಸ್ಥನನ್ನು ಕರೆಸಿ ‘ಇಂತಿಂಥದ್ದು ಆಗಬೇಕು’ ಎಂದರು. ಹುಲ್ಲು ಹೊತ್ತವರು ಬೇರೆ. ಸಂತರಿಂದ ನಮ್ಮ ಮನೆಯ ಗಂಡಸರು ಅತ್ಯಂತ ನಿಷ್ಠೆಯಿಂದ ಕಲಿತ ಆಚರಣೆ ಇದೊಂದೇ.

ಸಂನ್ಯಾಸವಾದದ ಖಂಡನೆ ಸುಲಭ. ಹಬ್ಬವನ್ನು ಬಿಟ್ಟುಬಿಡುವ ಪ್ರಯೋಗವನ್ನು ರಾಜ್ಯಶಕ್ತಿಯೇ ಕೈಗೊಂಡು ಸೋತಿದೆ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ಸನ್ನು ರದ್ದು ಮಾಡಿತು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು ಹಬ್ಬ ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡ ಹಾಕಿತು. 1681ರಲ್ಲಿ ಆ ಕಾನೂನನ್ನೇ ವಾಪಸು ಪಡೆಯಬೇಕಾಯಿತು. ಪಾರ್ಲಿಮೆಂಟಿಗೆ ಆಗದ್ದು ಜಗಲಿಯಲ್ಲಿ ಕಾಲು ಚಾಚಿ ಕೂತ ಭಾವನಿಂದ ಆಗುವುದುಂಟೆ?

ಬೇಕರಿವಾದ ಮಾತ್ರ ಗಂಭೀರ ಪ್ರತಿಪಕ್ಷ. ಬೇಕರಿಯ ನೆವ್ರಿಯ ಅಂಚು ಬಿಡುವುದಿಲ್ಲ, ರೋಸ್ ಕುಕ್ಕಿ ಮುರಿಯುವುದಿಲ್ಲ, ರುಚಿಯೂ ಕೆಲವೊಮ್ಮೆ ಹೆಚ್ಚೇ. ಆದರೆ ಕಿಡ್ಯೊ ಸುತ್ತುವ ಮೇಜು ಕೇವಲ ತಿಂಡಿಯ ಮೇಜಲ್ಲ. ಕುಟುಂಬದ ವಾರ್ಷಿಕ ಲೆಕ್ಕಪರಿಶೋಧನೆ ನಡೆಯುವುದು ಅಲ್ಲಿಯೇ. ಯಾರ ಜಾಗದ ತಕರಾರು ಕೋರ್ಟಿಗೆ ಹೋಯಿತು, ಯಾರಿಗೆ ಕುವೈತಿನ ವೀಸಾ ಆಯಿತು, ಯಾರ ಮಗಳು ಯಾರೊಡನೆ ಪಿಲಿಕುಳದಲ್ಲಿ ಕಾಣಿಸಿಕೊಂಡಳು, ಎಲ್ಲವೂ ಕೈ ಹಿಟ್ಟಾಗಿದ್ದು ಬಾಯಿ ಖಾಲಿ ಇರುವಾಗಲೇ ಹೊರಬರಬೇಕು. ಬೇಕರಿಯ ಕೌಂಟರಿನಲ್ಲಿ ಇಷ್ಟು ಹೊತ್ತು ನಿಂತರೆ ಹಿಂದಿನವರು ಸುಮ್ಮನಿರುವುದಿಲ್ಲ. ಹೆಚ್ಚಿನದಾಗಿ, ಕೊಂಡು ತಂದ ಕಿಡ್ಯೊವಿನ ಸುರುಳಿ ಬಿಚ್ಚಿಕೊಂಡರೆ ನಾದಿನಿಯನ್ನು ಹೊಣೆ ಮಾಡಲು ಬರುವುದಿಲ್ಲ.

೫. ಸಿದ್ಧಾಂತ

ಆದ್ದರಿಂದ ಸಿದ್ಧಾಂತ ಹೀಗೆ ನಿಲ್ಲುತ್ತದೆ: ತರಾತುರಿಯು ಸಂಪ್ರದಾಯದ ಶತ್ರುವಲ್ಲ, ಹೆತ್ತಮ್ಮ, ಮತ್ತು ಗೊಣಗಾಟವು ಅದರ ಪ್ರಾಣವಾಯು.

ಬಹುಹಸ್ತ ತಿಂಡಿಯ ಮೂಲಗುಣ ಕೈಗಳ ಕೊರತೆ. ಮನೆಯಲ್ಲಿ ಇರುವ ಕೈಗಳಿಗಿಂತ ಯಾವಾಗಲೂ ಒಂದೆರಡು ಹೆಚ್ಚು ಬೇಕಾಗುತ್ತವೆ. ಅದಕ್ಕೇ ಪಕ್ಕದ ಮನೆಯವಳು ಬರುತ್ತಾಳೆ, ಕಾಲೇಜಿನ ಹುಡುಗ ಫೋನು ಕೆಳಗಿಡುತ್ತಾನೆ, ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರು ಒಂದೇ ಹಿಟ್ಟಿನ ಉಂಡೆಗೆ ಕೈಹಾಕುತ್ತಾರೆ. ಮನಸ್ಸು ಕರಗಿ ಅಲ್ಲ. ಹಿಟ್ಟು ಒಣಗೀತೆಂಬ ಭಯಕ್ಕೆ. ಪುರುಸೊತ್ತಿದ್ದರೆ ಇವರನ್ನು ಯಾರೂ ಕರೆಯುತ್ತಿರಲಿಲ್ಲ. ಒಬ್ಬಳೇ ಕೂತು ನಿಧಾನವಾಗಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಮುಗಿಸಿಬಿಡುತ್ತಿದ್ದಳು. ಸಂಪ್ರದಾಯ ಅಲ್ಲಿಗೆ ತೀರುತ್ತಿತ್ತು.

ಹಾಗೆಯೇ, ಮಂಗಳಾಚರಣೆಯ ಆ ವಾಕ್ಯ ವಿಧಿಯಲ್ಲ, ಅರ್ಥವಾದ. ಕರ್ಮ ಮಾಡಬೇಡಿರೆಂದು ಅದು ಹೇಳುತ್ತಿಲ್ಲ. ಕರ್ಮ ಎಷ್ಟು ಭಾರವೆಂದು ಕೊಂಡಾಡುತ್ತಿದೆ, ಅಷ್ಟೆ. ಆ ಗೊಣಗು ಕೇಳಿಬರದ ಮನೆಯಲ್ಲಿ ಎಲ್ಲವೂ ಆರ್ಡರ್ ಆಗಿ ಬಂದಿರುತ್ತದೆಂದು ತಿಳಿಯತಕ್ಕದ್ದು.

೬. ಪ್ರತಿನಿಧಿ ಪ್ರಕರಣ

ಮೂಲದ್ರವ್ಯ ಸಿಗದಾಗ ಏನು ಗತಿ? ಸೋಮಲತೆ ಸಿಗದಿದ್ದರೆ ಪೂತೀಕವನ್ನು ಬಳಸಬಹುದೆಂದು ಮೀಮಾಂಸಕರು ಎಂದೋ ತೀರ್ಮಾನಿಸಿದ್ದಾರೆ. ಅದೇ ನ್ಯಾಯದಿಂದ, ಮದ್ಯ ನಿಷಿದ್ಧವಾದ ಕುವೈತಿನಲ್ಲಿ ಕೇಕಿನ ಒಣಹಣ್ಣುಗಳನ್ನು ರಮ್ಮಿನ ಬದಲು ದ್ರಾಕ್ಷಿಯ ರಸದಲ್ಲೋ ಕಿತ್ತಳೆ ರಸದಲ್ಲೋ ನೆನೆಹಾಕುವುದು ಶಾಸ್ತ್ರಸಮ್ಮತ. ಕೇಕಿನ ಕಪ್ಪು ಬಣ್ಣ ರಮ್ಮಿನದಲ್ಲ, ಕರಕಾಗಿಸಿದ ಸಕ್ಕರೆಯದು. ಹಾಗಾಗಿ ನೋಟಕ್ಕೆ ಬಾಧಕವಿಲ್ಲ. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ತೋಟದ ದೊರೆಯೊಬ್ಬ ತೋರಿಸಿದ ಮಾದರಿ ನೋಡಿ ಕೇಕ್ ಮಾಡಿದಾಗ ಬ್ರಾಂದಿಯ ಸ್ಥಾನಕ್ಕೆ ನಾಡಿನ ಸಾರಾಯಿಯನ್ನೇ ಹಾಕಿದನೆಂಬ ಪ್ರತೀತಿ ಈ ಪಕ್ಷಕ್ಕೆ ಬಲ ಕೊಡುತ್ತದೆ.

ಫರ್ ಮರದ ಪ್ರತಿನಿಧಿ ಕಡಲ ದಂಡೆಯ ಗಾಳಿಮರದ ಕೊಂಬೆ. ಇದು ನಿರ್ವಿವಾದ. ವಿವಾದ ಇರುವುದು ಬಾಲಯೇಸುವಿನ ವಿಷಯದಲ್ಲಿ. ಗೋದಲಿಯಲ್ಲಿ ಮೂರ್ತಿಯನ್ನು ಇಡಬೇಕಾದದ್ದು ಮಧ್ಯರಾತ್ರಿಗೆ. ಆದರೆ ಮಧ್ಯರಾತ್ರಿಯ ಬಲಿಪೂಜೆ ಎಷ್ಟೋ ಇಗರ್ಜಿಗಳಲ್ಲಿ ಸಂಜೆಗೇ ಮುಗಿಯುತ್ತದೆ. ಮನೆಗೆ ಬಂದು ಕೇಕ್ ಕತ್ತರಿಸಿದ ಮೇಲೂ ತೊಟ್ಟಿಲು ಖಾಲಿ ಇರಬೇಕೆ? ಅಜ್ಜಿಯ ಮತದಲ್ಲಿ ಹನ್ನೆರಡು ಹೊಡೆಯಲೇಬೇಕು. ನಿದ್ದೆಗಣ್ಣಿನ ಮಕ್ಕಳ ಮತದಲ್ಲಿ ದುಬೈಯ ಚಿಕ್ಕಪ್ಪನ ವಿಡಿಯೊ ಕರೆ ಬಂದಾಗಲೇ ಮುಹೂರ್ತ. ಇಬ್ಬರಿಗೂ ಗಡಿಯಾರ ತಿರುಗಿಸುವ ಅಪ್ಪನ ಮತವೇ ವ್ಯವಹಾರದಲ್ಲಿ ಗೆದ್ದಿದೆ.

೭. ವಿಧಿ ಮತ್ತು ನಿಷೇಧ

ಒಂದು: ಎಲ್ಲವನ್ನೂ ಮನೆಯಲ್ಲೇ ಮಾಡುವ ಹಟ ಬೇಡ. ಬಹುಹಸ್ತ ವರ್ಗದ ಒಂದನ್ನಾದರೂ ಬಿಡಕೂಡದು.

ಎರಡು: ಗೋದಲಿಯ ಗದ್ದೆಗೆ ಭತ್ತವನ್ನೋ ರಾಗಿಯನ್ನೋ ಡಿಸೆಂಬರಿನ ಮೊದಲಲ್ಲೇ ಬಿತ್ತತಕ್ಕದ್ದು. ಇಡೀ ಹಬ್ಬದಲ್ಲಿ ಅವಸರಕ್ಕೆ ಬಗ್ಗದ ಪದಾರ್ಥ ಇದೊಂದೇ. ತಡವಾದರೆ ಬಾಲಯೇಸು ಮರುಭೂಮಿಯಲ್ಲಿ ಹುಟ್ಟುತ್ತಾನೆ. ಬೆತ್ಲೆಹೆಮಿನ ಭೂಗೋಳಕ್ಕೆ ಅದೇ ಹೆಚ್ಚು ಹತ್ತಿರವೆಂದು ವಾದಿಸುವವರು ಬಿತ್ತಲು ಮರೆತವರೇ ಎಂದು ತಿಳಿಯಬೇಕು.

ಮೂರು: ನೆರೆಮನೆಗೆ ಹೋಗುವ ತಟ್ಟೆಗೆ ದೀಪಾವಳಿಯಲ್ಲಿ ಅಲ್ಲಿಂದ ಬಂದದ್ದನ್ನು ನೆನೆದು ತುಂಬತಕ್ಕದ್ದು. ಮುರಿದ ರೋಸ್ ಕುಕ್ಕಿ ತಳದಲ್ಲಿರಲಿ, ಇಡಿಯದು ಮೇಲಿರಲಿ. ತಟ್ಟೆ ಖಾಲಿ ಹಿಂದಿರುಗುವುದಿಲ್ಲ. ಆದ್ದರಿಂದ ಈ ಸಾಲ ಎಂದೂ ತೀರುವುದಿಲ್ಲ, ತೀರಲೂಬಾರದು.

ನಾಲ್ಕು: ಡಬ್ಬಿ ಬಚ್ಚಿಟ್ಟ ಜಾಗ ಮಕ್ಕಳಿಗೆ ಗೊತ್ತಿದೆಯೆಂಬುದು ದೊಡ್ಡವರಿಗೆ ಗೊತ್ತಿರತಕ್ಕದ್ದು, ಗೊತ್ತಿಲ್ಲದಂತೆ ನಟಿಸತಕ್ಕದ್ದು.

೮. ಮೌಖಿಕ ಪರೀಕ್ಷೆ

ಪ್ರಬಂಧದ ಮಂಡನೆ ಅಡುಗೆಮನೆಯಲ್ಲಿ, ಒಲೆ ಉರಿಯುತ್ತಿರುವಾಗಲೇ ನಡೆಯಿತು. ಮಂಡಳಿಯ ಅಧ್ಯಕ್ಷೆ ಅಮ್ಮ, ಸದಸ್ಯೆ ಅಕ್ಕ. ಅಧ್ಯಕ್ಷೆಯ ಮೊದಲ ಪ್ರಶ್ನೆ: ‘ಇಷ್ಟುದ್ದ ಬರೆಯುವಷ್ಟರಲ್ಲಿ ತೆಂಗಿನಕಾಯಿ ಎಲ್ಲ ತುರಿದು ಮುಗೀತಿತ್ತಲ್ಲ?’ ಅಭ್ಯರ್ಥಿಯು ಆ ಪ್ರಶ್ನೆ ತನ್ನ ಸಿದ್ಧಾಂತವನ್ನೇ ಪುಷ್ಟೀಕರಿಸುತ್ತದೆಂದು ವಿನಯದಿಂದ ನಿವೇದಿಸಿದನು. ಸದಸ್ಯೆ ‘ಏಕಹಸ್ತ, ಬಹುಹಸ್ತ ಅಂತ ಹೇಳಿದ್ದೆಲ್ಲ ಸರಿ, ನಿನ್ನ ಹಸ್ತ ಯಾವ ವರ್ಗ?’ ಎಂದು ಕೇಳಿದಳು. ಅಭ್ಯರ್ಥಿ ಗ್ರೆಚ್ಚೊದ ಸಂತರ ನಿದರ್ಶನವನ್ನು ಉದಾಹರಿಸಲು ಹೊರಟಾಗ ಮಂಡಳಿ ಅವಕಾಶ ನಿರಾಕರಿಸಿತು. ಪದವಿ ತಡೆಹಿಡಿಯಲಾಗಿದೆ. ತುರಿಮಣೆ ಮಾತ್ರ ಸರ್ವಾನುಮತದಿಂದ ಪ್ರದಾನವಾಗಿದೆ.