ಕಪೋಲ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವರು ಮೊದಲಿಗೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಈ ಗ್ರಂಥದ ವಿಷಯ, ರೊಸೇಸಿಯಾ ಎಂಬ ಮುಖದ ಚರ್ಮರೋಗವನ್ನು ಪಥ್ಯದಿಂದ ಹದ್ದುಬಸ್ತಿನಲ್ಲಿಡುವ ಬಗೆ. ಪ್ರಯೋಜನ, ಮೈಸೂರಿನ ಒಂದು ಮನೆಯಲ್ಲಿ ಊಟದ ಹೊತ್ತಿಗಾದರೂ ಶಾಂತಿ. ಸಂಬಂಧ, ರೋಗಿ ನಮ್ಮ ಸೋದರಮಾವ. ಅಧಿಕಾರಿ ಯಾರೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಈ ವಿಚಾರದಲ್ಲಿ ಮಾತಾಡಲು ತನಗೆ ಅಧಿಕಾರವಿಲ್ಲ ಎಂದು ಒಪ್ಪಿಕೊಂಡ ಒಬ್ಬ ಮನುಷ್ಯನೂ ನಮ್ಮ ಬಳಗದಲ್ಲಿ ಇದುವರೆಗೆ ಸಿಕ್ಕಿಲ್ಲ. ಮುಂದೆ ಹೇಳುವುದು ಕಪೋಲಕಲ್ಪಿತವಲ್ಲ, ಸಾಕ್ಷಾತ್ ಕಪೋಲದಿಂದಲೇ ಇಳಿಸಿಕೊಂಡದ್ದು ಎಂದು ಓದುಗರು ನಂಬಬೇಕು.

ಮೊದಲು ಲಕ್ಷಣ. ಕೆನ್ನೆ, ಮೂಗು, ಹಣೆ, ಗದ್ದ ಈ ನಾಲ್ಕು ಕ್ಷೇತ್ರಗಳಲ್ಲಿ, ಹೆಚ್ಚಾಗಿ ಮೂವತ್ತು ದಾಟಿದವರಲ್ಲಿ, ರಕ್ತ ನುಗ್ಗಿ ಮುಖ ಕಾಯುತ್ತದೆ. ಕೆಂಪು ಮೊದಮೊದಲು ಬಂದು ಹೋಗುತ್ತದೆ, ಆಮೇಲಾಮೇಲೆ ಅಲ್ಲೇ ಬಿಡಾರ ಹೂಡುತ್ತದೆ. ಮೊಡವೆಯಂಥ ಗುಳ್ಳೆ ಏಳುತ್ತವೆ, ಆದರೆ ಮೊಡವೆಗಿರುವ ಕಪ್ಪುತಲೆ ಇವಕ್ಕಿಲ್ಲ. ಕೆಲವರಿಗೆ ಕಣ್ಣೂ ಉರಿಯುತ್ತದೆ. ಕೆಲವು ಗಂಡಸರ ಮೂಗು ದಪ್ಪವಾಗಿ ಗಂಟುಗಂಟಾಗುತ್ತದೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಗಿರ್ಲಾಂಡಾಯೊ 1490ರ ಸುಮಾರಿಗೆ ಬರೆದ ಅಜ್ಜ-ಮೊಮ್ಮಗನ ಚಿತ್ರವಿದೆ. ಆ ಅಜ್ಜನ ಮೂಗು ಚರ್ಮವೈದ್ಯರ ಬರಹಗಳಲ್ಲಿ ಇಂದಿಗೂ ಉದಾಹರಣೆಯಾಗಿ ಬರುತ್ತದೆ. ಮೊಮ್ಮಗ ಮಾತ್ರ ಮೂಗಿನ ಬಗ್ಗೆ ಏನೂ ಅನ್ನದೆ ಅಜ್ಜನ ಮುಖ ನೋಡುತ್ತ ನಿಂತಿದ್ದಾನೆ. ನಮ್ಮ ಬಳಗದಲ್ಲಿ ಅಂಥ ಮೊಮ್ಮಗ ಹುಟ್ಟಿಲ್ಲ.

ಬಿಳಿಯರ ಮುಖದಲ್ಲಿ ಈ ರೋಗ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮ ಎಣ್ಣೆಗಪ್ಪು, ಗೋಧಿಬಣ್ಣಗಳಲ್ಲಿ ಕೆಂಪು ಅಡಗಿಕೊಂಡು ಉರಿ, ಚುರುಚುರು, ಗುಳ್ಳೆ ಮಾತ್ರ ಉಳಿಯುತ್ತವೆ. ಹೀಗಾಗಿ ಮಾವನ ಕಾಯಿಲೆಗೆ ಪಿತ್ತ, ಉಷ್ಣ, ದೃಷ್ಟಿ ಎಂದು ಸರತಿಯಲ್ಲಿ ನಾಮಕರಣವಾಗಿ, ಚರ್ಮವೈದ್ಯರ ಬಾಯಲ್ಲಿ ರೊಸೇಸಿಯಾ ಎಂದಾಗುವ ಹೊತ್ತಿಗೆ ಮಗಳ ಮದುವೆಯೇ ಮುಗಿದಿತ್ತು. ಆ ಮದುವೆಯಲ್ಲಿ ಬೀಗರ ಕಡೆಯ ಯಾರೋ ಹಿರಿಯರು ಮಾವನ ಮೂಗು ನೋಡಿ, ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರಂತೆ. ಮುಖದ ಕೆಂಪನ್ನು ಕುಡಿತಕ್ಕೆ ಗಂಟುಹಾಕುವುದಕ್ಕೆ ಪರಂಪರೆಯಿದೆ. ಹದಿನಾಲ್ಕನೇ ಶತಮಾನದ ಚಾಸರ್, ಕ್ಯಾಂಟರ್‌ಬರಿ ಕಥೆಗಳಲ್ಲಿ ಬರುವ ಉರಿಮುಖದ ಸಮನ್ಸ್ ಜಾರಿಗಾರನಿಗೆ ಬೆಳ್ಳುಳ್ಳಿ, ಈರುಳ್ಳಿ, ಕೆಂಪು ವೈನಿನ ಚಪಲ ಅಂಟಿಸಿದ. ಶೇಕ್ಸ್‌ಪಿಯರನ ಬಾರ್ಡಾಲ್ಫನ ಮೂಗಿನ ಗತಿಯೂ ಅದೇ. ಮದ್ಯ ಕೆಲವರಲ್ಲಿ ಮುಖ ಕೆರಳಿಸುವುದು ನಿಜ. ಆದರೆ ಒಂದು ತೊಟ್ಟೂ ಮುಟ್ಟದವರಿಗೂ ರೊಸೇಸಿಯಾ ಬರುತ್ತದೆ, ಮಾವ ಜೀವಮಾನದಲ್ಲಿ ಕುಡಿದ ಅತಿ ಕಟುವಾದ ದ್ರವ ಕೆಮ್ಮಿನ ಕಷಾಯ.

ಈಗ ಪೂರ್ವಪಕ್ಷಗಳು. ಮೊದಲನೆಯದು ಅತ್ತೆಯದು: ಎಲ್ಲಕ್ಕೂ ಖಾರವೇ ಮೂಲ. ‘ರೀ, ನಿಮಗೆ ಸಾರು ಬೇಡ, ಮಜ್ಜಿಗೆ ಕಲಸ್ಕೊಳ್ಳಿ’ ಎಂಬುದು ಈ ಪಕ್ಷದ ಮೂಲಸೂತ್ರ. ಇದಕ್ಕೆ ಅಮೆರಿಕದಿಂದಲೂ ಬೆಂಬಲವಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರಗಳ ಯಾವ ಬಾಗಿಲು ತಟ್ಟುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಪತ್ತೆ ಮಾಡಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಟಿಆರ್‌ಪಿವಿ1 ಎಂಬ ಈ ಬಾಗಿಲು ಖಾರಕ್ಕೂ ತೆರೆಯುತ್ತದೆ, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುತ್ತದೆ. ತಣ್ಣನೆಯ ಉಪ್ಪಿನಕಾಯಿ ತಿಂದರೂ ಬಾಯಿ ಸುಟ್ಟಂತಾಗುವುದು ಇದರಿಂದಲೇ. ರೊಸೇಸಿಯಾ ಇದ್ದವರ ಚರ್ಮದಲ್ಲಿ ಇಂಥ ದ್ವಾರಪಾಲಕರು ಅತಿಚುರುಕು.

ಇಲ್ಲಿ ನಮ್ಮ ರಾಜ್ಯದ ಕೊಡುಗೆಯನ್ನು ನಿರ್ಲಕ್ಷಿಸಿದರೆ ಗ್ರಂಥಕ್ಕೆ ದೋಷ ತಟ್ಟೀತು. ಮೆಣಸಿನಕಾಯಿಯ ಬಣ್ಣ ಬೇರೆ, ಖಾರ ಬೇರೆ. ಖಾರ ಇರುವುದು ಒಳಗಿನ ಬಿಳಿ ತಿರುಳಿನಲ್ಲಿ. ಬಣ್ಣ ಕ್ಯಾಪ್ಸಾಂಥಿನ್ ಎಂಬ ಬೇರೊಂದು ವಸ್ತುವಿನದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಜಿಐ ಮಾನ್ಯತೆ ಪಡೆದ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಗುಂಟೂರಿನದು ಖಾರದಲ್ಲಿ ಅದಕ್ಕಿಂತ ಬಹಳ ಮುಂದು. ಆದ್ದರಿಂದ ಬ್ಯಾಡಗಿ ಸಾರನ್ನು ಕೆಂಪು ಮಾಡುತ್ತದೆ, ಗುಂಟೂರು ಮಾವನನ್ನು ಕೆಂಪು ಮಾಡುತ್ತದೆ ಎಂಬ ಪ್ರಮೇಯ ಸಿದ್ಧಿಸಿತು. ಅತ್ತೆ ತಟ್ಟೆಯ ಬಣ್ಣ ನೋಡಿ ತೀರ್ಪು ಕೊಡುತ್ತಿದ್ದುದರಿಂದ, ನಿರಪರಾಧಿ ಬ್ಯಾಡಗಿ ಗಡಿಪಾರಾಗಿ, ಹಸಿಮೆಣಸಿನಕಾಯಿ ಹಾಕಿದ ಬೆಳ್ಳಗಿನ ಕಾಯಿಚಟ್ನಿ ರಾಜಾರೋಷವಾಗಿ ಓಡಾಡಿಕೊಂಡಿತ್ತು.

ಎರಡನೆಯ ಪೂರ್ವಪಕ್ಷ ಕಾಫಿ. ಇದರಲ್ಲಿ ಮನೆ ಇಬ್ಭಾಗವಾಯಿತು. ಮಾವ ತಮ್ಮ ಪರವಾಗಿ ದಾಖಲೆ ಹಾಜರುಪಡಿಸಿದರು: ಅಮೆರಿಕದ 82,737 ದಾದಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ನಾಲ್ಕು ಕಪ್ಪಿಗೆ ಕಡಿಮೆಯಿಲ್ಲದೆ ಕಾಫಿ ಕುಡಿದವರಿಗೆ ರೊಸೇಸಿಯಾ ಬರುವ ಸಂಭವ, ಕಾಫಿಯನ್ನು ಹೆಚ್ಚುಕಡಿಮೆ ಮುಟ್ಟದವರಿಗಿಂತ ಶೇ 23ರಷ್ಟು ಕಡಿಮೆ ಕಂಡಿತ್ತು. ಅತ್ತೆಯ ಖಂಡನೆ ತರ್ಕಶುದ್ಧವಾಗಿತ್ತು: ‘ನೀವು ಅಮೆರಿಕದವರೂ ಅಲ್ಲ, ದಾದಿಯೂ ಅಲ್ಲ, ಹೆಂಗಸೂ ಅಲ್ಲ. ಜೊತೆಗೆ ಅವರಿಗೆ ಬರೋದು ತಪ್ಪಿತು, ನಿಮಗೆ ಬಂದಾಗಿದೆ.’ ಸಂಖ್ಯಾಶಾಸ್ತ್ರ ಓದಿದವರೂ ಇಷ್ಟು ಚೊಕ್ಕವಾಗಿ ಹೇಳಲಾರರು.

ವ್ಯಾಜ್ಯ ಬಗೆಹರಿದದ್ದು ಹಳೆಯ ಪ್ರಯೋಗವೊಂದರಿಂದ. 1981ರಲ್ಲಿ ಜೊನಾಥನ್ ವಿಲ್ಕಿನ್ ಎಂಬ ಚರ್ಮತಜ್ಞರು ರೊಸೇಸಿಯಾ ಇದ್ದವರಿಗೆ ಬಿಸಿ ಕಾಫಿ, ಬರೀ ಬಿಸಿನೀರು, ಆರಿದ ಕಾಫಿ, ಕೆಫೀನ್ ಒಂದೊಂದನ್ನೂ ಕೊಟ್ಟು ನೋಡಿದರು. ಅರವತ್ತು ಡಿಗ್ರಿಯ ಕಾಫಿಗೂ ಮುಖ ಕೆಂಪಾಯಿತು, ಅರವತ್ತು ಡಿಗ್ರಿಯ ನೀರಿಗೂ ಆಯಿತು. ಆರಿದ ಕಾಫಿಗೂ ಕೆಫೀನಿಗೂ ಆಗಲಿಲ್ಲ. ಅಪರಾಧಿ ಕಾಫಿಯಲ್ಲ, ಬಿಸಿ.

ಇದು ಗೊತ್ತಾದ ದಿನ ಮಾವ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಅಡುಗೆಮನೆಗೆ ತಂದರು. ಆ ಉಪಕರಣದ ಅಳತೆ ಮುಗಿಯುವುದು 42 ಡಿಗ್ರಿ ದಾಟುತ್ತಲೇ; ಅದಕ್ಕೂ ಮೇಲೆ ಹೋದರೆ ಪರದೆಯಲ್ಲಿ ‘ಎಚ್’ ಎಂಬ ಅಕ್ಷರ ಮೂಡುತ್ತದೆ. ನರದ ಬಾಗಿಲು ತೆರೆಯುವುದು 43ಕ್ಕೆ. ಹೀಗೆ ಪ್ರಕೃತಿಯೂ ಮೆಡಿಕಲ್ ಶಾಪೂ ಒಂದೇ ಗಡಿಯಲ್ಲಿ ಸಂಧಿಸಿದ್ದನ್ನು ಕಂಡು ಮಾವ ಪುಳಕಿತರಾದರು. ಈಗ ಪ್ರತಿ ಬೆಳಿಗ್ಗೆ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ಯುತ್ತಾರೆ, ಕಡ್ಡಿ ಅದ್ದುತ್ತಾರೆ, ಎಚ್ ಬಂದರೆ ಮತ್ತೆ ಹೊಯ್ಯುತ್ತಾರೆ, ಅಂಕಿ ಬಂದರೆ ಕುಡಿಯುತ್ತಾರೆ. ನೊರೆ ಅಷ್ಟೊತ್ತಿಗೆ ಸತ್ತಿರುತ್ತದೆ. ಆ ಉಗುರುಬೆಚ್ಚಗಿನ ದ್ರವವನ್ನು ಕಾಫಿ ಎನ್ನಬಹುದೇ ಎಂಬುದು ಇನ್ನೊಂದು ಪ್ರಬಂಧಕ್ಕೆ ಬಿಟ್ಟ ವಿಷಯ.

ಉಳಿದ ನಿಷೇಧಗಳನ್ನು ಇಲ್ಲಿ ಬೆಳೆಸುವುದಿಲ್ಲ. ಚಕ್ಕೆ, ಟೊಮೆಟೊ, ಹುಳಿಹಣ್ಣು, ಚಾಕೊಲೇಟ್ ಕೆಲವರಿಗೆ ಆಗದು. ಎಲ್ಲರೂ ಎಲ್ಲವನ್ನೂ ಬಿಟ್ಟರೆ ಬಿಸಿಬೇಳೆಬಾತ್ ಎಂಬ ಪದಾರ್ಥ ಭೂಮಿಯ ಮೇಲಿರದು.

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮಾವ, ವೈದ್ಯರ ಸಲಹೆಯಂತೆ ದಿನಚರಿ ಇಟ್ಟಿದ್ದಾರೆ. ವೇಳೆ, ಆಹಾರ, ಮುಖ, ಷರಾ ಎಂದು ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಕಲಂ. ‘ಬೆಳಿಗ್ಗೆ. ಇಡ್ಲಿ, ಆರಿದ್ದು. ಮುಖ ಯಥಾಸ್ಥಿತಿ. ಷರಾ: ಇಲ್ಲ.’ ‘ಮಧ್ಯಾಹ್ನ. ಹುರುಳಿಕಟ್ಟಿನ ಸಾರು, ಕುದಿಯುವಂಥದ್ದು. ಮುಖ ಕೆಂಪು. ಷರಾ: ಆರಿಸಿ ಮರುಪರಿಶೀಲಿಸತಕ್ಕದ್ದು.’ ‘ಸಂಜೆ. ಒಂದು ಲೋಟ ಮಜ್ಜಿಗೆ. ಮುಖ ಅತಿ ಕೆಂಪು. ಷರಾ: ಷಡ್ಡಕ ಬಂದಿದ್ದರು.’

ಈ ಮೂರನೆಯ ನಮೂದೇ ಇಡೀ ಶಾಸ್ತ್ರದ ಕೀಲಿಕೈ. ಅಮೆರಿಕದ ನ್ಯಾಷನಲ್ ರೊಸೇಸಿಯಾ ಸೊಸೈಟಿ 1,066 ರೋಗಿಗಳನ್ನು ಯಾವುದರಿಂದ ಮುಖ ಕೆರಳುತ್ತದೆ ಎಂದು ಕೇಳಿತ್ತು. ಬಿಸಿ ಪಾನೀಯ ಎಂದವರು ಶೇ 36. ಖಾರ, ಮಸಾಲೆ ಎಂದವರು ಶೇ 45. ಮಾನಸಿಕ ಒತ್ತಡ ಎಂದವರು ಶೇ 79. ಅಂದರೆ ಮೆಣಸಿನಕಾಯಿ ಬಿಡಿ ಎಂದು ಹೇಳಲು ಬರುವ ನೆಂಟರು ಮೆಣಸಿನಕಾಯಿಗಿಂತ ಖಾರ. ಪಟ್ಟಿಯ ತುದಿಯಲ್ಲಿರುವುದು ಬಿಸಿಲು, ಶೇ 81. ಮೂರು ತಲೆಮಾರು ಕೂತು ಸಾರಿನ ಪುಡಿಯ ಮೇಲೆ ವಾಗ್ವಾದ ನಡೆಸುತ್ತಿದ್ದ ಅಷ್ಟೂ ದಿನ, ಪಥ್ಯದ ಸೊಪ್ಪು ತರಲೆಂದು ಮಾವ ಹನ್ನೊಂದರ ಬಿಸಿಲಲ್ಲಿ ಬರಿತಲೆಯಲ್ಲಿ ದೇವರಾಜ ಮಾರುಕಟ್ಟೆಗೆ ನಡೆದು ಹೋಗಿ ಬರುತ್ತಿದ್ದರು.

ಇನ್ನೊಂದು ಪ್ರಕರಣ ನಗುವಂಥದ್ದಲ್ಲ, ಆದರೂ ಬಿಡುವಂತಿಲ್ಲ. ನಡುವೆ ಬಂಧುವೊಬ್ಬರು ಮುಖಕ್ಕೆ ಹಚ್ಚಲು ಟ್ಯೂಬೊಂದನ್ನು ತಂದುಕೊಟ್ಟರು. ವಾರದಲ್ಲಿ ಮುಖ ತಿಳಿಯಾಯಿತು, ಬಿಟ್ಟೊಡನೆ ಮೊದಲಿಗಿಂತ ಜೋರಾಗಿ ಉರಿಯಿತು. ಅದರಲ್ಲಿದ್ದದ್ದು ಸ್ಟೆರಾಯ್ಡ್. ಬೆಳ್ಳಗಾಗಲೆಂದು ಇಂಥವನ್ನು ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಿ, ಇಲ್ಲದ ರೊಸೇಸಿಯಾ ತಂದುಕೊಂಡವರು ನಮ್ಮ ದೇಶದಲ್ಲಿ ಬೇಕಾದಷ್ಟಿದ್ದಾರೆ.

ಇನ್ನು ಸಿದ್ಧಾಂತ. ರೊಸೇಸಿಯಾಕ್ಕೆ ಎಲ್ಲರಿಗೂ ಒಪ್ಪುವ ಪಥ್ಯವಿಲ್ಲ. ಅನುಮಾನ ಬಂದ ಪದಾರ್ಥವನ್ನು ಒಂದೊಂದಾಗಿ ಕೆಲವು ವಾರ ಬಿಟ್ಟು, ಮತ್ತೆ ತಿಂದು, ಬರೆದಿಟ್ಟು ನೋಡಬೇಕು. ಕೆರಳಿಸದ್ದನ್ನು ಮರ್ಯಾದೆಯಿಂದ ತಟ್ಟೆಗೆ ವಾಪಸ್ ಕರೆಯಬೇಕು. ಪಥ್ಯ ಕೆರಳುವುದನ್ನು ತಗ್ಗಿಸೀತೇ ಹೊರತು ರೋಗವನ್ನು ಓಡಿಸದು. ಅದಕ್ಕೆ ಮೆಟ್ರೊನಿಡಜೋಲ್, ಐವರ್ಮೆಕ್ಟಿನ್‌ನಂಥ ಮುಲಾಮುಗಳೂ ಸನ್‌ಸ್ಕ್ರೀನೂ ಕೊಡೆಯೂ ಬೇಕು, ಅವನ್ನು ಹೇಳಲು ಚರ್ಮವೈದ್ಯರು ಬೇಕು. ಕಣ್ಣು ಉರಿದು ಕೆಂಪಾದರೆ ಕಣ್ಣಿನ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು.

ಮಾವನನ್ನು ನೋಡಲು ಬರುವ ಬಂಧುಬಳಗದವರಲ್ಲಿ ಕೊನೆಯದಾಗಿ ಒಂದು ವಿನಂತಿ: ಸಲಹೆ ತರಬೇಡಿ. ಬರಿಗೈಲಿ ಬರಲು ಸಂಕೋಚವೆನಿಸಿದರೆ ಬ್ಯಾಡಗಿ ಮೆಣಸಿನಕಾಯಿ ಅರ್ಧ ಕೆಜಿ ತನ್ನಿ. ಅತ್ತೆ ಈಗ ತೆಗೆದುಕೊಳ್ಳುತ್ತಾರೆ.