ಬೀಗ ಹಾಕಲಾಗದ ಚೀಲ

(ದಿಲ್ಲಿ ಗಾಡಿ ಬೆಳಿಗ್ಗೆಯೇ ಮುಂಬಯಿ ಸಿಎಸ್‌ಎಂಟಿಗೆ ತಂದು ಇಳಿಸಿದೆ. ಗದಗಿನ ಗಾಡಿ ರಾತ್ರಿಗೆ. ಕ್ಲೋಕ್‌ರೂಮ್ ಮುಂದೆ ಗಂಡ-ಹೆಂಡತಿ.)

ಆಕಿ: ರೀ, ಸಾಮಾನು ಇಲ್ಲಿಟ್ಟು ಗೇಟ್‌ವೇ ನೋಡಿ ಬರೂಣ್ರಿ.

ಆತ: ಟಿಕೆಟ್ ತೋರಿಸೀನಿ. ಬ್ಯಾಗಿಗೆ ಬೀಗ ಇಲ್ಲಂದ್ರ ತಗೊಳ್ಳಂಗಿಲ್ಲಂತ.

ಆಕಿ: ಹೊರಗ ಮಾರ್ತಾರ, ತರ್ರಿ.

ಆತ: ತಂದು ಹಾಕಿದ್ನೆಲ್ಲಾ! ಈ ಕೈಚೀಲಕ್ಕ ಜಿಪ್ಪೇ ಇಲ್ಲ, ಬೀಗ ಎಲ್ಲಿಗೆ ಜಡೀಲಿ? ಏನೈತಿ ಇದರಾಗ?

ಆಕಿ: ನಿಮ್ಮಕ್ಕ ಕೊಟ್ಟ ಉಪ್ಪಿನಕಾಯಿ. ಸೋರಾಕತ್ತೈತಿ, ಅಡ್ಡ ಹಿಡೀಬ್ಯಾಡ್ರಿ.

ಆತ: ಇದನ್ನ ಹೊತ್ಕೊಂಡು ಗೇಟ್‌ವೇ ನೋಡೂದಾ?

ಆಕಿ: 1924ರಿಂದ ನಿಂತೈತಿ. ಉಪ್ಪಿನಕಾಯಿ ಕಂಡು ಓಡಿ ಹೋಗಂಗಿಲ್ಲ, ನಡೀರಿ.

(ಓದುಗರಲ್ಲಿ ವಿನಂತಿ: ಕ್ಲೋಕ್‌ರೂಮಿಗೆ ಟಿಕೆಟ್ಟಿನ ಜೊತೆ ಬೀಗವನ್ನೂ ಒಯ್ಯಿರಿ. ಅಕ್ಕ ಕೊಟ್ಟದ್ದನ್ನು ಗಾಡಿಯಲ್ಲೇ ತಿಂದು ಮುಗಿಸಿ.)