ಗುಡ್ ಜಾಬ್!

ಮಂಡ್ಯದವನಿಗೆ ನಾಲೆ ತೋರಿಸುತ್ತೇನೆಂದು ಹೊರಡಲು ಮಗನಿಗೆ ಗುಂಡಿಗೆ ಬೇಕು. ವಿ.ಸಿ. ನಾಲೆಯಲ್ಲಿ ಈಜು ಕಲಿತು, ಅದರ ಏರಿಯ ಮೇಲೆ ಸೈಕಲ್ ಕಲಿತವನು ನಾನು. ಮೇರಿಲ್ಯಾಂಡಿನ ಗ್ರೇಟ್ ಫಾಲ್ಸ್‌ನಲ್ಲಿ ಕಾರಿಳಿದವನೇ, ‘ಇದರಿಂದ ಎಷ್ಟು ಎಕರೆ ಗದ್ದೆ?’ ಎಂದೆ. ‘ಒಂದು ಗುಂಟೆಯೂ ಇಲ್ಲಪ್ಪ, ಇದು ದೋಣಿಗೆ ತೋಡಿದ್ದು’ ಎಂದ.

ಈ ಚೆಸಪೀಕ್-ಒಹಾಯೊ ನಾಲೆಯ ಜಾತಕವೇ ಸರಿಯಿಲ್ಲ. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿಪೂಜೆಗೆ ಬಂದರೆ ಸನಿಕೆ ಬೇರಿಗೆ ತಗುಲಿ ಒಳಗೇ ಇಳಿಯಲಿಲ್ಲ. ಕೋಟು ಬಿಚ್ಚಿ ಅಗೆಯಬೇಕಾಯಿತು. ಅದೇ ದಿನ ಬಾಲ್ಟಿಮೋರಿನಲ್ಲಿ ರೈಲುದಾರಿಗೂ ಶಂಕುಸ್ಥಾಪನೆ. ನಾಲೆ 184.5 ಮೈಲಿ ತೆವಳಿ 1850ರಲ್ಲಿ ಕಂಬರ್ಲೆಂಡ್ ಸೇರುವಷ್ಟರಲ್ಲಿ ರೈಲು ಎಂಟು ವರ್ಷ ಮೊದಲೇ ಬಂದು ಕೂತಿತ್ತು. ಆದರೂ 1924ರ ಪ್ರವಾಹದವರೆಗೆ ಹೇಸರಗತ್ತೆಗಳು ಕಲ್ಲಿದ್ದಲಿನ ದೋಣಿ ಎಳೆದವು. ಆಮೇಲೆ ಇದರ ಮೇಲೆ ರಸ್ತೆ ಹಾಕಲು ಹೊರಟಾಗ, ಬೇಡವೆಂದು 1954ರಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಇಡೀ ನಾಲೆಯುದ್ದಕ್ಕೂ ನಡೆದರು. 1971ರಿಂದ ಇದು ರಾಷ್ಟ್ರೀಯ ಪಾರ್ಕು. ದುಡಿಯುವಾಗ ಸಿಗದ ಮರ್ಯಾದೆ ನಿವೃತ್ತಿಯಲ್ಲಿ ಸಿಕ್ಕಿದ್ದು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ನಾಲೆಗೂ ಪೊಟೊಮ್ಯಾಕ್ ನದಿಗೂ ನಡುವೆ ‘ಬಿಲ್ಲಿ ಗೋಟ್’ ಎಂಬ ಕಾಲುದಾರಿ. ಹೋತಗಳ ದಾರಿಯೆಂದು ತಿಳಿದೂ ಹೊರಟೆ. ಒಂದು ಕಡೆ ಓರೆಯಾಗಿ ಎದ್ದ ಬಂಡೆ. ಎಡಗಾಲು ಸೀಳಿನಲ್ಲಿ, ಬಲಗಾಲು ಅನುಮಾನದಲ್ಲಿ. ಕೈಗಳು ಬಂಡೆಯನ್ನು ತಬ್ಬಲು ಹೋದರೆ ಹೊಟ್ಟೆ ಅಡ್ಡ ಬಂತು. ಹಿಂದೆ ಕ್ಯೂ ಬೆಳೆಯಿತು. ‘ಟೇಕ್ ಯುವರ್ ಟೈಮ್’ ಎಂದನೊಬ್ಬ. ತಗೊಂಡೆ. ಕೈ ಗೇಣುದ್ದ ಸರಿದರೆ ‘ಗುಡ್ ಜಾಬ್!’ ಕಾಲೆತ್ತಿದರೆ ‘ಆಸಮ್!’ ಎತ್ತಿದ ಕಾಲನ್ನು ಹೆದರಿ ಮೊದಲಿನ ಜಾಗದಲ್ಲೇ ಇಟ್ಟರೂ ‘ಪರ್ಫೆಕ್ಟ್!’ ಸೀನಿದೆ, ಅದಕ್ಕೂ ಆಶೀರ್ವಾದ. ಇಡೀ ಸರ್ವೀಸಿನಲ್ಲಿ ಕೇಳದಷ್ಟು ಹೊಗಳಿಕೆ ಕೇಳಿ ಮೈಯೆಲ್ಲ ಉರಿಯಿತು. ‘ಏಯ್ ಮುದುಕಪ್ಪ, ಜರುಗೋ’ ಎಂದು ಯಾರಾದರೂ ಗದರಿದ್ದರೆ ಎರಡೇ ನೆಗೆತಕ್ಕೆ ಮೇಲಿರುತ್ತಿದ್ದೆ. ನಮ್ಮ ಕಡೆಯ ಕಾಲುಗಳು ಬೈಗುಳದ ಮೇಲೆ ಓಡುವಂಥವು. ಯಾವಾಗಲೋ ಮೇಲೇರಿ ಕೋಡುಬಳೆ ಮುರಿಯುತ್ತಿದ್ದ ಹೆಂಡತಿ ಕೊನೆಗೆ, ‘ರೀ, ಅಲ್ಲೇ ಸಂಸಾರ ಹೂಡ್ತೀರಾ?’ ಎಂದಳು. ಹತ್ತಿಬಿಟ್ಟೆ. ಕೆಳಗೆ ಚಪ್ಪಾಳೆ.

ಆ ಚಪ್ಪಾಳೆ ನನಗೆ ಅರಗಲಿಲ್ಲ. ಈ ನಾಲೆ ತೋಡಿದವರಲ್ಲಿ ಬಹಳಷ್ಟು ಮಂದಿ ಐರ್ಲೆಂಡಿನಿಂದ ಬಂದ ಕೂಲಿಗಳು. 1832ರಲ್ಲಿ ಕಾಲರಾ ಅವರ ಬಿಡಾರಗಳಿಗೇ ನುಗ್ಗಿತು. ಬಂಡೆ ಒಡೆದು ಸತ್ತವನಿಗೆ ಕಲ್ಲೊಂದೂ ನೆಡದ ಜಗತ್ತು, ಬಂಡೆಯ ಮೇಲೆ ಪರದಾಡಿದವನಿಗೆ ಕೈತಟ್ಟುತ್ತದೆ.

ಕಾರಿನಲ್ಲಿ ಇದನ್ನೇ ಗಂಭೀರವಾಗಿ ಹೇಳಿದೆ. ಮಗ ಸಮಾಧಾನಕ್ಕೆ, ‘ಮುಂದಿನ ಸಲ ಪಾ ಪಾ ಸುರಂಗಕ್ಕೆ ಹೋಗೋಣ. ಅದೂ ಈ ನಾಲೆಯದೇ, 3,118 ಅಡಿ, ಒಳಗೆ ಟಾರ್ಚ್ ಇಲ್ಲದೆ ಏನೂ ಕಾಣಲ್ಲ’ ಎಂದ. ತಕ್ಷಣ ಒಪ್ಪಿದೆ. ಆ ಕತ್ತಲಲ್ಲಿ ನಾನು ಎಡವಿದರೂ ಮೆಚ್ಚಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ.